14 ದಿನದಲ್ಲಿ ಶಾಲೆ ಕಟ್ಟೋಕಾಗುತ್ತಾ?

ಹೋದ ಸೆಮಿಸ್ಟರ್ ಕೊನೆಯಲ್ಲಿ ನಮ್ಮ ಹಾಸ್ಟೆಲ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ನೇಪಾಳದ ಹಳ್ಳಿಯಲ್ಲಿ ಶಾಲೆ ಕಟ್ಟಿ, ಎರಡು ವಾರ, ಊಟ-ವಸತಿ ಸೇರಿ, ಕೊನೆಗೆ ಸರ್ಟಿಫಿಕೇಟ್. ಹಿಂದೆ ಹಿಮಾಲಯ, ಮುಂದೆ ಇಟ್ಟಿಗೆ ಹಿಡಿದು ನಗ್ತಿರೋ ನಾಲ್ಕು ಜನ. ಫೀಸು ನಮ್ಮ ಒಂದು ಸೆಮಿಸ್ಟರಿನ ಮೆಸ್ ಬಿಲ್‌ಗಿಂತ ಜಾಸ್ತಿ. ಆದ್ರೂ ಅರ್ಧ ಗಂಟೆಯಲ್ಲಿ ಹತ್ತು ಜನ 'ನಾನು ರೆಡಿ' ಅಂತ ಹಾಕಿದ್ರು. ನಾನು ಸಿವಿಲ್ ಬ್ರಾಂಚ್ ಅನ್ನೋ ಒಂದೇ ಕಾರಣಕ್ಕೆ ಎಲ್ಲರೂ ನನ್ನನ್ನೇ ಕೇಳೋಕೆ ಶುರು ಮಾಡಿದ್ರು: "ಮಗಾ, ನಾವು ಹೋದ್ರೆ ನಿಜವಾಗ್ಲೂ ಶಾಲೆ ಕಟ್ಟೋಕಾಗುತ್ತಾ?" ಗ್ರೂಪಿನಲ್ಲಿ ಉತ್ತರ ಟೈಪ್ ಮಾಡ್ತಾ ಹೋದಂಗೆ ಉದ್ದ ಆಯ್ತು, ಅದಕ್ಕೆ ಇಲ್ಲಿ ಬರೀತಿದ್ದೀನಿ. (ಹತ್ತನೇ ಕ್ಲಾಸಿನ ಪ್ರಬಂಧ ಬಿಟ್ರೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಸಂಘದವರು ಕಾಗುಣಿತ ನೋಡ್ಕೋತಾರೆ ಅನ್ನೋ ಧೈರ್ಯ.)

ಮೊದಲು, ನೇಪಾಳದಲ್ಲೇ ಯಾಕೆ ಇಷ್ಟೊಂದು ಶಾಲೆ ಕಟ್ಟೋ ಕೆಲಸ ಅನ್ನೋದು. 2015ರ ಏಪ್ರಿಲ್ 25ರಂದು, ಮಧ್ಯಾಹ್ನ 12 ಗಂಟೆಗೆ ಇನ್ನು ನಾಲ್ಕು ನಿಮಿಷ ಇರುವಾಗ, ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ 7.8 ತೀವ್ರತೆಯ ಭೂಕಂಪ ಆಯಿತು. ಮೇ 12ಕ್ಕೆ ದೋಲಖಾ ಕಡೆ ಮತ್ತೊಂದು, 7.3. ಎರಡೂ ಸೇರಿ ಸುಮಾರು 9,000 ಜನ ಸತ್ತರು. ಸಾವಿರಾರು ಶಾಲೆಗಳು ಬಿದ್ದವು, ಇಲ್ಲಾ ಒಳಗೆ ಹೋಗೋಕಾಗದಷ್ಟು ಬಿರುಕುಬಿಟ್ಟವು. ಆದರೆ ಏಪ್ರಿಲ್ 25 ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಆ ಹೊತ್ತಿಗೆ ಕ್ಲಾಸುಗಳಲ್ಲಿ ಮಕ್ಕಳಿರಲಿಲ್ಲ. ಅದೇ ಭೂಕಂಪ ಒಂದು ದಿನ ಮುಂಚೆ, ಶುಕ್ರವಾರ ಅದೇ ಟೈಮಿಗೆ ಬಂದಿದ್ದರೆ? ಈ ಪ್ರಶ್ನೆಯನ್ನ ತಲೇಲಿ ಇಟ್ಕೊಂಡೇ ಮುಂದಿನದನ್ನ ಓದಿ. ಅಲ್ಲಿ ಶಾಲೆ ಕಟ್ಟೋದು ಅಂದ್ರೆ ಶುಕ್ರವಾರ ಭೂಕಂಪ ಬಂದರೂ ಮಕ್ಕಳ ಮೇಲೆ ಬೀಳದ ಗೋಡೆ ಕಟ್ಟೋದು ಅಂತಲೇ ಅರ್ಥ.

ಹಳೇ ಗೋಡೆಗಳು ಯಾಕೆ ಬಿದ್ದವು ಅಂತ ನೋಡೋಣ. ಬೆಟ್ಟದ ಹಳ್ಳಿಗಳಲ್ಲಿ ಸಿಗೋದು ಕಲ್ಲು ಮತ್ತು ಮಣ್ಣು. ಹೊರಗಡೆ ಒಂದು ಸಾಲು ಕಲ್ಲು, ಒಳಗಡೆ ಒಂದು ಸಾಲು ಕಲ್ಲು, ಮಧ್ಯೆ ಚೂರುಪಾರು ಕಲ್ಲು ಮಣ್ಣು ತುಂಬಿ, ಮಣ್ಣಿನ ಗಾರೆಯಲ್ಲೇ ಕಟ್ಟಿದ ಒಂದೂವರೆ ಅಡಿ ದಪ್ಪದ ಗೋಡೆ. ನೋಡೋಕೆ ಕೋಟೆ ಥರ ಇರುತ್ತೆ. ಮೇಲಿಂದ ಬರೋ ಭಾರವನ್ನ ಆರಾಮಾಗಿ ಹೊರುತ್ತೆ. ಆದ್ರೆ ಭೂಕಂಪ ಗೋಡೆಯನ್ನ ಅಡ್ಡಡ್ಡ ಅಲ್ಲಾಡಿಸುತ್ತೆ. ಆಗ ಎರಡು ಸಾಲಿಗೂ ಒಂದಕ್ಕೊಂದು ಸಂಬಂಧ ಇರಲ್ಲ, ಹೊರಗಿನದು ಹೊರಗೆ ಉಬ್ಬಿ ಬೀಳುತ್ತೆ, ಒಳಗಿನದು ಒಳಗೆ. ಗೋಡೆ ದಪ್ಪ ಇದ್ದಷ್ಟೂ ತೂಕ ಜಾಸ್ತಿ, ತೂಕ ಜಾಸ್ತಿ ಆದಷ್ಟೂ ಅಲ್ಲಾಡಿಸೋ ಬಲ ಜಾಸ್ತಿ (ನ್ಯೂಟನ್ನನ ಎರಡನೇ ನಿಯಮ, ಫಸ್ಟ್ ಇಯರ್ ಫಿಸಿಕ್ಸು). 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಮ್ಮ ಕಲಬುರಗಿ-ಬೀದರ್ ಗಡಿಯಾಚೆ ಲಾತೂರಿನ ಕಿಲ್ಲಾರಿಯಲ್ಲಿ ಜನ ಮಲಗಿದ್ದಲ್ಲೇ ಸತ್ತಿದ್ದು ಹೆಚ್ಚುಕಮ್ಮಿ ಇಂಥದೇ ಕಲ್ಲುಮಣ್ಣಿನ ಗೋಡೆಗಳ ಕೆಳಗೆ.

ಇದಕ್ಕೆ ಪರಿಹಾರ ರಾಕೆಟ್ ಸೈನ್ಸ್ ಏನಲ್ಲ. ಗೋಡೆಯ ಈ ಮುಖದಿಂದ ಆ ಮುಖದವರೆಗೂ ಹಾಯುವ ಉದ್ದನೆಯ ಕಲ್ಲನ್ನ ಅಲ್ಲಲ್ಲಿ ಇಡಬೇಕು. ಆಗ ಎರಡೂ ಸಾಲು ಸೇರಿ ಒಂದೇ ಗೋಡೆ ಆಗುತ್ತೆ. ಪಾಯದ ಮಟ್ಟ, ಕಿಟಕಿ ಕೆಳಗೆ, ಲಿಂಟಲ್, ಚಾವಣಿ ಕೆಳಗೆ ಹೀಗೆ ಸುತ್ತಲೂ ಕಾಂಕ್ರೀಟಿನ ಬೆಲ್ಟ್ ಹಾಕಬೇಕು. ರಟ್ಟಿನ ಡಬ್ಬಕ್ಕೆ ಹಗ್ಗ ಬಿಗಿದಂಗೆ ಅದು ನಾಲ್ಕೂ ಗೋಡೆಗಳನ್ನ ಒಟ್ಟಿಗೆ ಹಿಡಿದಿಡುತ್ತೆ. ಮೂಲೆಗಳಲ್ಲಿ ಪಾಯದಿಂದ ಚಾವಣಿವರೆಗೂ ನೇರ ಕಂಬಿ. ಬಾಗಿಲು-ಕಿಟಕಿ ಮೂಲೆಗೆ ಅಂಟಿಕೊಂಡಿರಬಾರದು. ಮೇಲೆ ಹಗುರವಾದ ತಗಡಿನ ಚಾವಣಿ. ಚಾವಣಿಯ ಎರಡೂ ತುದಿಯಲ್ಲಿ ಬರೋ ತ್ರಿಕೋನದ ಗೋಡೆಯನ್ನ ಕಲ್ಲಲ್ಲಿ ಕಟ್ಟದೆ ಹಲಗೆ ಅಥವಾ ತಗಡಲ್ಲಿ ಮುಚ್ಚಬೇಕು, ಯಾಕಂದ್ರೆ ಮೊದಲು ಉದುರೋದೇ ಅದು. ಇನ್ನೊಂದು ವಿಷಯ: 2015ಕ್ಕೆ ಮುಂಚೆ ಎಷ್ಟೋ ಶಾಲೆಗಳಿಗೆ ಸ್ಟೀಲ್ ಫ್ರೇಮ್ ನಿಲ್ಲಿಸಿ, ಗೋಡೆ ಮಾತ್ರ ಊರಿನವರೇ ಸಿಕ್ಕ ಕಲ್ಲಲ್ಲಿ ತುಂಬಿಕೊಳ್ಳಲಿ ಅಂತ ಬಿಟ್ಟಿದ್ದರು. ಭೂಕಂಪ ಆದ್ಮೇಲೆ ಅಂಥ ಕಡೆ ಫ್ರೇಮು, ಚಾವಣಿ ನೆಟ್ಟಗೆ ನಿಂತಿತ್ತು, ಬೆಂಚುಗಳ ಮೇಲೆ ಕಲ್ಲಿನ ರಾಶಿ ಬಿದ್ದಿತ್ತು. ಡ್ರಾಯಿಂಗ್ ಪ್ರಕಾರ ಬಿಲ್ಡಿಂಗ್ ಪಾಸು, ಆದ್ರೆ ಮಕ್ಕಳು ಕೂರೋ ಜಾಗ ಫೇಲು.

ಈಗ ಇದರಲ್ಲಿ ಹೊರದೇಶದಿಂದ ಬರೋ ಟೀಮು ಎಲ್ಲಿ ಬರುತ್ತೆ? ನಿಜ ಹೇಳ್ಬೇಕಂದ್ರೆ ಕೈಯಾಳಿನ ಜಾಗದಲ್ಲಿ. ಕಲ್ಲು ಹೊರೋದು, ಮರಳು ಜರಡಿ ಹಿಡಿಯೋದು, ಬಾಂಡ್ಲಿ ಕೈಯಿಂದ ಕೈಗೆ ದಾಟಿಸೋದು, ಕಂಬಿಗೆ ಬೈಂಡಿಂಗ್ ವಯರ್ ಸುತ್ತೋದು, ಗೋಡೆಗೆ ನೀರು ಹೊಡೆಯೋದು. ರಸ್ತೆ ಮುಗಿದ ಮೇಲೂ ಹಳ್ಳಿ ಇನ್ನೂ ಮೇಲಿದ್ರೆ ಸಿಮೆಂಟ್ ಮೂಟೆ ಹೋಗೋದು ಹೇಸರಗತ್ತೆ ಮೇಲೆ, ಇಲ್ಲಾ ಮನುಷ್ಯರ ಬೆನ್ನ ಮೇಲೆ. ಇವೆಲ್ಲಾ ಮರ್ಯಾದೆಯ ಕೆಲಸಗಳೇ. ಆದ್ರೆ ಪೋಸ್ಟರಲ್ಲಿರೋ ಹಾಗೆ ಕರಣೆ ಹಿಡಿದು ಗೋಡೆ ಏರಿಸೋದು ಬೇರೆ ಕಥೆ. ಗಾರೆ ಮೇಸ್ತ್ರಿ ವರ್ಷಗಟ್ಟಲೆ ಕಲಿತ ಕೆಲಸವನ್ನ ನಾವು ಸೋಮವಾರ ಕಲಿತು ಮಂಗಳವಾರ ಮಾಡೋಕಾಗಲ್ಲ. ತೂಗುಗುಂಡು ಬಿಟ್ಟು ನೋಡಿದ್ರೆ ಗೊತ್ತಾಗುತ್ತೆ. ಅಮೆರಿಕದ ಲೇಖಕಿ ಪಿಪ್ಪಾ ಬಿಡಲ್ ಹೈಸ್ಕೂಲಲ್ಲಿದ್ದಾಗ ಟೀಮಿನ ಜೊತೆ ತಾಂಜಾನಿಯಾಕ್ಕೆ ಹೋಗಿ ಒಂದು ಲೈಬ್ರರಿ ಕಟ್ಟೋಕೆ ಕೈ ಹಾಕಿದ್ರಂತೆ. ಹಗಲು ಇವರು ಜೋಡಿಸಿದ ಇಟ್ಟಿಗೆಯನ್ನ ರಾತ್ರಿ ಅಲ್ಲಿನ ಗಂಡಸರು ಬಿಚ್ಚಿ, ಸರಿಯಾಗಿ ಕಟ್ಟಿ, ಬೆಳಗ್ಗೆ ಇವರಿಗೆ ಗೊತ್ತಾಗದ ಹಾಗೆ ಇಡ್ತಿದ್ರು ಅಂತ 2014ರಲ್ಲಿ ಅವರೇ ಬರೆದಿದ್ದಾರೆ. ತಲಾ ಮೂರು ಸಾವಿರ ಡಾಲರ್ ಕೊಟ್ಟು ಹೋಗಿದ್ದ ಹುಡುಗಿಯರು. ಓದಿ ನಗು ಬಂತು, ಆಮೇಲೆ ಆ ರಾತ್ರಿ ಪಾಳಿಯವರನ್ನ ನೆನೆಸಿಕೊಂಡು ನಗು ನಿಂತುಹೋಯ್ತು.

ಸಣ್ಣ ಕೆಲಸದಲ್ಲೂ ತಿಳಿದಿರಬೇಕಾದ್ದು ಇದೆ. ಬೆಲ್ಟಿನ ಕಂಬಿಗೆ ಸುತ್ತ ಹಾಕೋ ರಿಂಗಿನ ಕೊಕ್ಕೆಯನ್ನ 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ಭೂಕಂಪದಲ್ಲಿ ಬಿಚ್ಚಿಕೊಳ್ಳುತ್ತೆ, 135 ಡಿಗ್ರಿಗೆ ಒಳಕ್ಕೆ ಬಗ್ಗಿಸಬೇಕು. ಕೈ ನೋಯುತ್ತೆ, ಅದಕ್ಕೇ ಎಲ್ಲರೂ 90ಕ್ಕೆ ನಿಲ್ಲಿಸ್ತಾರೆ. ಹಾಗೇ ಕಾಂಕ್ರೀಟ್ ಕಲಸುವಾಗ ಗಟ್ಟಿ ಅನ್ನಿಸ್ತು ಅಂತ ಇನ್ನೊಂದು ಬಕೆಟ್ ನೀರು ಹಾಕೋದು. ಕಲಸೋಕೆ ಸುಲಭ ಆಗುತ್ತೆ, ಶಕ್ತಿ ಇಳಿಯುತ್ತೆ. ಕಾಂಕ್ರೀಟ್ ಟೆಕ್ನಾಲಜಿ ಲ್ಯಾಬಲ್ಲಿ ಸ್ಲಂಪ್ ಟೆಸ್ಟ್ ಮಾಡೋವಾಗ ನಮಗೆಲ್ಲ ಅದು ಬರೀ ರೆಕಾರ್ಡ್ ಬುಕ್ ತುಂಬಿಸೋ ಕೆಲಸ. ಅಲ್ಲಿ ಅದು ಯಾರದೋ ತಲೆ ಮೇಲಿನ ಲಿಂಟಲ್.

ನನಗೆ ಈ ಎಲ್ಲದರಲ್ಲೂ ಹೆಚ್ಚು ಕಾಡಿದ್ದು ಕ್ಯಾಲೆಂಡರು. ಕಾಂಕ್ರೀಟಿನ ಶಕ್ತಿಯನ್ನ ನಾವು ಲೆಕ್ಕ ಹಾಕೋದು 28ನೇ ದಿನಕ್ಕೆ. ಏಳನೇ ದಿನಕ್ಕೆ ಅದರ ಮೂರನೇ ಎರಡು ಭಾಗ ಬಂದಿರುತ್ತೆ. ಕನಿಷ್ಠ 7 ದಿನ ಒದ್ದೆಯಾಗಿಡಬೇಕು. 14 ದಿನದ ಟೀಮು ಹತ್ತನೇ ದಿನ ಬೆಲ್ಟ್ ಹಾಕಿ, ಹದಿಮೂರನೇ ದಿನ ರಿಬ್ಬನ್ ಕಟ್ಟಿ, ಹದಿನಾಲ್ಕನೇ ದಿನ ಬಸ್ ಹತ್ತಿದ್ರೆ, ಹದಿನೈದನೇ ದಿನ ಅದಕ್ಕೆ ನೀರು ಹೊಡೆಯೋರು ಯಾರು? ಕೆಳಗಿನ ತೊರೆಯಿಂದ ಆ ನೀರು ಹೊತ್ತು ತರೋರು ಯಾರು? ಟೀಮು ಇರೋಷ್ಟರಲ್ಲೇ ಮುಗೀಬೇಕು, ಗ್ರೂಪ್ ಫೋಟೋಕ್ಕೆ ಬಿಲ್ಡಿಂಗ್ ಕಾಣಬೇಕು ಅನ್ನೋ ಅವಸರದಲ್ಲಿ ಸೆಂಟ್ರಿಂಗ್ ಬೇಗ ಬಿಚ್ಚಿದ್ರೆ ಮುಗೀತು ಕಥೆ. ಹಾಗಾಗಿ ಒಂದು ಟೀಮು ಬಂದು ಪಾಯಕ್ಕೆ ಕಲ್ಲು ಹೊತ್ತು ಹೋಗುತ್ತೆ, ಇನ್ನೊಂದು ಬಂದು ಗೋಡೆಗೆ ನೀರು ಹೊಡೆಯುತ್ತೆ, ಮತ್ತೊಂದು ಬಣ್ಣ ಬಳಿಯುತ್ತೆ, ಮೇಸ್ತ್ರಿ ಮತ್ತೆ ಸೈಟ್ ಎಂಜಿನಿಯರ್ ಮಾತ್ರ ಮೊದಲಿಂದ ಕೊನೆವರೆಗೂ ಅಲ್ಲೇ ಇರ್ತಾರೆ. ಇಂಥ ವ್ಯವಸ್ಥೆಯೇ ನಂಬೋಕೆ ಲಾಯಕ್ಕು. ಇದರಲ್ಲಿ ನಿಮ್ಮ ಪಾಲಿಗೆ ಬರೀ ಪಾಯ ತೋಡೋದು ಬರಬಹುದು, ಶಾಲೆ ಎದ್ದು ನಿಂತಿದ್ದನ್ನ ನೀವು ನೋಡದೇನೂ ಇರಬಹುದು. ಅದನ್ನ ಒಪ್ಪಿಕೊಂಡೇ ಹೋಗಬೇಕು.

"ಹಳ್ಳಿಯಲ್ಲಿ ಕೈಯಾಳುಗಳಿಗೇನು ಬರ, ಆ ಫೀಸಿನ ದುಡ್ಡನ್ನ ಅಲ್ಲಿನವರಿಗೇ ಕೂಲಿ ಕೊಟ್ಟರಾಯ್ತು" ಅಂತ ನಮ್ಮ ರೂಮಲ್ಲಿ ಒಬ್ಬ ವಾದ ಮಾಡಿದ. ಎಷ್ಟೋ ದೇಶಗಳಲ್ಲಿ ಈ ಮಾತು ಸರಿ. ಆದರೆ ನೇಪಾಳದ ವಿಷಯ ಸ್ವಲ್ಪ ಸಿಕ್ಕು. ಅಲ್ಲಿನ ಬೆಟ್ಟದ ಹಳ್ಳಿಗಳ ಗಂಡುಮಕ್ಕಳು ಲಕ್ಷಗಟ್ಟಲೆ ಗಲ್ಫ್‌ನಲ್ಲಿ, ಮಲೇಷ್ಯಾದಲ್ಲಿ, ನಮ್ಮ ದೇಶದಲ್ಲಿ ದುಡೀತಿದ್ದಾರೆ. ನಮ್ಮ ಮೆಸ್ಸಿನಲ್ಲಿ ಚಪಾತಿ ಮಾಡೋ ಭೈಯಾ ಸಿಂಧುಪಾಲ್ಚೋಕ್ ಕಡೆಯವರು. ಪೋಸ್ಟರ್ ತೋರಿಸಿದೆ. ನೋಡಿ ನಕ್ಕು, "ನೀವು ನಮ್ಮೂರಿಗೆ ಹೋಗಿ ಕಲ್ಲು ಹೊರಿ, ನಾನು ಇಲ್ಲಿ ನಿಮಗೆ ಚಪಾತಿ ಮಾಡ್ತೀನಿ" ಅಂದ್ರು. ಆಮೇಲೆ ಅವರೇ ಹೇಳಿದ್ದು, ಭೂಕಂಪ ಆದ್ಮೇಲೆ ಮನೆ ಕಟ್ಟೋಕೆ ದುಡ್ಡು ಕಳಿಸಿದ್ರೂ ತಿಂಗಳುಗಟ್ಟಲೆ ಮೇಸ್ತ್ರಿ ಸಿಕ್ಕಿರಲಿಲ್ಲ ಅಂತ. ಊರಲ್ಲಿ ಉಳಿದಿದ್ದು ಹೆಂಗಸರು, ವಯಸ್ಸಾದವರು, ಮಕ್ಕಳು. ಅಂಥ ಜಾಗದಲ್ಲಿ ಹೊರಗಿನ ಹತ್ತು ಜೊತೆ ಕೈಗಳಿಗೆ ಬೆಲೆ ಇದೆ, ಅವು ಮೇಸ್ತ್ರಿ ಹೇಳಿದ್ದನ್ನ ಕೇಳೋ ಕೈಗಳಾಗಿದ್ರೆ.

ಮೇಸ್ತ್ರಿ ಅಂದಾಗ ನೆನಪಾಗೋದು ನಾಂಗ್‌ಖೇಲ್. ಇದು ಕಾಠ್ಮಂಡು ಕಣಿವೆಯ ಭಕ್ತಪುರದ ಹತ್ತಿರದ ಹಳ್ಳಿ. 1990ರ ದಶಕದ ಕೊನೆಯಲ್ಲಿ ಎನ್‌ಸೆಟ್ ಅನ್ನೋ ನೇಪಾಳದ್ದೇ ಸಂಸ್ಥೆ ಅಲ್ಲಿನ ಭುವನೇಶ್ವರಿ ಶಾಲೆಯನ್ನ ಭೂಕಂಪ ತಡೆಯೋ ಹಾಗೆ ಬಲಪಡಿಸೋ ಕೆಲಸಕ್ಕೆ ಇಳಿಯಿತು. ಸಿಟಿಯಿಂದ ಕಂಟ್ರಾಕ್ಟರ್ ಕರೆಸದೆ ಊರಿನ ಮೇಸ್ತ್ರಿಗಳಿಗೇ ಕಲಿಸಿ, ಊರಿನವರ ಕಣ್ಣೆದುರೇ ಕಟ್ಟಿಸಿದರು. ಶಾಲೆ ಮುಗಿದ ಮೇಲೆ ಅದೇ ಮೇಸ್ತ್ರಿಗಳು ಊರಿನ ಹೊಸ ಮನೆಗಳಿಗೂ ಬೆಲ್ಟ್ ಹಾಕೋಕೆ ಶುರು ಮಾಡಿದರು. ಯಾರೂ ಭಾಷಣ ಮಾಡಬೇಕಾಗಿರಲಿಲ್ಲ, ಶಾಲೆಯೇ ಮಾಡೆಲ್ ಆಗಿತ್ತು. ಕಣಿವೆಯಲ್ಲಿ ಹೀಗೆ ಬಲಪಡಿಸಿದ್ದ ಶಾಲೆಗಳು 2015ರಲ್ಲಿ ನಿಂತವು, ಕೆಲವು ಕಡೆ ಮನೆ ಕಳೆದುಕೊಂಡವರು ಅಲ್ಲೇ ಉಳಿದುಕೊಂಡರು. ನಮ್ಮ ಥರದ ಟೀಮು ಸುಮ್ಮನೆ ಕಟ್ಟಿಕೊಟ್ಟು ಬಂದಿದ್ದರೆ ಊರಿಗೆ ಒಂದು ಬಿಲ್ಡಿಂಗ್ ಮಾತ್ರ ಸಿಕ್ಕಿರೋದು.

ಹೊರದೇಶದಲ್ಲಿದ್ದುಕೊಂಡು ಶಾಲೆ ಕಟ್ಟಿದ ಸ್ಟೂಡೆಂಟ್ ಒಬ್ಬರ ಕಥೆಯನ್ನೂ ಹೇಳಲೇಬೇಕು. ಇದು ನೇಪಾಳ ಬಿಟ್ಟು ಆಫ್ರಿಕಾದ ಬುರ್ಕಿನಾ ಫಾಸೋ. ಗಾಂಡೋ ಅನ್ನೋ ಹಳ್ಳಿಯ ಫ್ರಾನ್ಸಿಸ್ ಕೆರೆ ಬರ್ಲಿನ್‌ನಲ್ಲಿ ಆರ್ಕಿಟೆಕ್ಚರ್ ಓದ್ತಿದ್ದರು. ಊರಿಗೆ ಜರ್ಮನ್ ಫ್ರೆಂಡ್ಸನ್ನ ಕರ್ಕೊಂಡು ಹೋಗಿ ಇಟ್ಟಿಗೆ ಇಡಿಸೋದರ ಬದಲು ಅವರ ಹತ್ತಿರ ದುಡ್ಡು ಎತ್ತಿದರು, 1998ರಲ್ಲಿ ಅದಕ್ಕೊಂದು ಸಂಘ ಮಾಡಿದರು. ಕಟ್ಟಿದ್ದು ಊರಿನವರು. ಮಕ್ಕಳು ಪಾಯಕ್ಕೆ ಕಲ್ಲು ತಂದರು, ಹೆಂಗಸರು ನೀರು ಹೊತ್ತರು, ಹುಡುಗರು ಸ್ವಲ್ಪ ಸಿಮೆಂಟ್ ಸೇರಿಸಿ ಮಣ್ಣಿನ ಬ್ಲಾಕ್ ಒತ್ತೋದನ್ನ ಕಲಿತರು. ಮಣ್ಣಿನ ಶಾಲೆ ಮಳೆಗೆ ಕರಗಿಹೋಗುತ್ತೆ ಅಂತ ಊರಿನವರೇ ಮೊದಲು ನಂಬಿರಲಿಲ್ಲ. ತಗಡಿನ ಚಾವಣಿಯ ಕೆಳಗೆ ಕೂತರೆ ಬೇಯೋ ಊರು ಅದು, ಹಾಗಾಗಿ ಕೆಳಗೆ ಇಟ್ಟಿಗೆಯ ಚಾವಣಿ ಹಾಕಿ, ಮಾಮೂಲಿ ಕಂಬಿಯನ್ನೇ ವೆಲ್ಡ್ ಮಾಡಿದ ಟ್ರಸ್ ಮೇಲೆ ತಗಡನ್ನ ಎತ್ತರಕ್ಕೆ ಕೂರಿಸಿದರು, ಮಧ್ಯದಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತೆ. ಶಾಲೆ 2001ರಲ್ಲಿ ಮುಗೀತು. 2004ರಲ್ಲಿ ಆಗಾ ಖಾನ್ ಪ್ರಶಸ್ತಿ, 2022ರಲ್ಲಿ ಪ್ರಿಟ್ಸ್‌ಕರ್. ಅಂದಹಾಗೆ ಇಂಥ ಮಣ್ಣಿನ ಬ್ಲಾಕಿನ ಮೇಲೆ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ವರ್ಷಗಟ್ಟಲೆ ಕೆಲಸ ಮಾಡಿದೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾಗಾದ್ರೆ ಹೋಗಬೇಕಾ ಬೇಡ್ವಾ? ನನ್ನ ಅಭಿಪ್ರಾಯ ಹೇಳ್ತೀನಿ. ದುಡ್ಡು ಕಟ್ಟೋ ಮುಂಚೆ ಆಯೋಜಕರಿಗೆ ಫೋನ್ ಮಾಡಿ, ಸೈಟಿನ ಮೇಸ್ತ್ರಿ ಯಾರು, ಅವರಿಗೆ ಎಷ್ಟು ತಿಂಗಳ ಕೆಲಸ ಅಂತ ಕೇಳಿ. ಡ್ರಾಯಿಂಗ್‌ಗೆ ಸಹಿ ಹಾಕಿದ ಎಂಜಿನಿಯರ್ ಯಾರು, ಡ್ರಾಯಿಂಗ್ ನೋಡಬಹುದಾ ಅಂತ ಕೇಳಿ. ಸಿವಿಲ್‌ನವರಂತೂ ಕೇಳಲೇಬೇಕು, ಬೆಲ್ಟ್ ಎಲ್ಲೆಲ್ಲಿ ಬರುತ್ತೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ನಿಮ್ಮ ಫೀಸಿನಲ್ಲಿ ಸಿಮೆಂಟಿಗೆ ಎಷ್ಟು, ನಿಮ್ಮ ಊಟ-ಓಡಾಟಕ್ಕೆ ಎಷ್ಟು ಅಂತ ಕೇಳಿ. ಹಿಂದಿನ ವರ್ಷ ಕಟ್ಟಿದ ಶಾಲೆಯ ಈಗಿನ ಫೋಟೋ ಕೇಳಿ, ಟೀಮಿನ ಫೋಟೋ ಬೇಡ. ನಮ್ಮ ಪೋಸ್ಟರಿನವರಿಗೆ ಇದನ್ನೆಲ್ಲ ಮೆಸೇಜ್ ಮಾಡಿದ್ವಿ. ಮೂರನೇ ಪ್ರಶ್ನೆಗೆ ಬರೋಷ್ಟರಲ್ಲಿ "ಸೀಟು ಬೇಗ ತುಂಬ್ತಿದೆ" ಅನ್ನೋ ಉತ್ತರ ಬಂತು. ಹತ್ತು ಜನರಲ್ಲಿ ಏಳು ಜನ ಅಲ್ಲೇ ಬಿಟ್ಟರು. ಉಳಿದ ಮೂವರು ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡೋ ಬೇರೆ ಕಡೆ ಹುಡುಕ್ತಿದ್ದಾರೆ.

ಹೋಗೋರಿಗೆ ಇನ್ನೊಂದೆರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ, ರಸ್ತೆ ಕುಸಿಯುತ್ತೆ, ಊರಿನವರೆಲ್ಲ ಭತ್ತದ ನಾಟಿಯಲ್ಲಿರ್ತಾರೆ. ನಮಗೆ ಜುಲೈನಲ್ಲಿ ರಜೆ ಸಿಕ್ಕಿತು ಅಂತ ಹೋದರೆ ಸೈಟಲ್ಲಿ ಕೆಲಸವೇ ಇರಲ್ಲ. ಭಾರತದವರಿಗೆ ವೀಸಾ ಬೇಡ, ಆದ್ರೆ ವಿಮಾನದಲ್ಲಾದ್ರೆ ಪಾಸ್‌ಪೋರ್ಟ್ ಇಲ್ಲಾ ವೋಟರ್ ಐಡಿ ಇಟ್ಕೊಳ್ಳಿ, ಆಧಾರ್ ನೆಚ್ಚಿಕೊಂಡು ಹೋಗಬೇಡಿ. ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಸೇಫ್ಟಿ ಶೂ, ಗ್ಲೌಸ್ ಇಲ್ಲಿಂದಲೇ ತಗೊಂಡು ಹೋಗಿ, ವಾಪಸ್ ಬರುವಾಗ ಅಲ್ಲೇ ಯಾರಿಗಾದ್ರೂ ಕೊಟ್ಟು ಬನ್ನಿ. ಮತ್ತೆ ಹೊರಡೋಕೆ ಮುಂಚೆ ಒಂದು ಭಾನುವಾರ ಕಾಲೇಜು ಹಿಂದೆ ಕಟ್ತಿರೋ ಹೊಸ ಬ್ಲಾಕಿನ ಮೇಸ್ತ್ರಿ ಹತ್ತಿರ ಹೋಗಿ, "ಅಣ್ಣಾ, ಕಂಬಿ ಕಟ್ಟೋದು ಹೇಳ್ಕೊಡ್ತೀರಾ" ಅಂತ ಕೇಳಿ. ನಾನು ಕೇಳಿದಾಗ ಮೊದಲು ಬೈಂಡಿಂಗ್ ವಯರ್ ಕೈಗೆ ಕೊಟ್ಟು, ಅರ್ಧ ಗಂಟೆ ಆದ್ಮೇಲೆ ಟೀ ಕೊಡಿಸಿದ್ರು.