ಯುವ ಚಾಲಕನಿಗೆ ಹಳೆಯ ಕಾರು: ಬೆಲೆಗಿಂತ ಮುಖ್ಯವಾದ ಲೆಕ್ಕ

ವರ್ತಕರ ಮನೆಗಳಲ್ಲಿ ಮಗನಾಗಲಿ ಮಗಳಾಗಲಿ ಚಾಲನಾ ಪರವಾನಗಿ ಪಡೆದ ಕೆಲವೇ ದಿನಗಳಲ್ಲಿ ಕಾರಿನ ಬೇಡಿಕೆ ಏಳುವುದು ಸಹಜ. ಹೊಸ ಕಾರಿಗೆ ಅಷ್ಟೊಂದು ಹಣ ತೊಡಗಿಸಲು ತಂದೆಗೆ ಮನಸ್ಸಿರುವುದಿಲ್ಲ; ಮುದುಕರ ಕಾರಿನಂತೆ ತೋರುವ ವಾಹನ ಮಕ್ಕಳಿಗೆ ಒಪ್ಪಿಗೆಯಾಗುವುದಿಲ್ಲ. ಕೊನೆಗೆ ಮಾತುಕತೆ ಒಂದು ರಾಜಿಗೆ ಬಂದು ನಿಲ್ಲುತ್ತದೆ: ಚುರುಕಾಗಿ ಓಡುವ, ನೋಡಲು ಚೆಂದವಿರುವ, ಆದರೆ ಖರ್ಚು ಕಡಿಮೆ ಇರುವ ಒಂದು ಹಳೆಯ ಕಾರು. ಈ ರಾಜಿ ತಪ್ಪಲ್ಲ. ಆದರೆ ಅಂಗಡಿಯ ಸರಕಿನ ವಿಷಯದಲ್ಲಿ ಪೈಸೆ ಪೈಸೆಗೂ ಲೆಕ್ಕ ಹಾಕುವ ವ್ಯಾಪಾರಿಯು ಕಾರಿನ ವಿಷಯದಲ್ಲಿ ಕೇವಲ ಕೊಳ್ಳುವ ಬೆಲೆಯನ್ನು ನೋಡಿ ತೀರ್ಮಾನಿಸುವುದು ಮಾತ್ರ ದೊಡ್ಡ ತಪ್ಪು. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ಕೊಂಡಂತಾಗುವುದು ಇಲ್ಲಿಯೇ.

ಒಂದೇ ಬೆಲೆ, ಎರಡು ವೆಚ್ಚ

ಐದು ಲಕ್ಷ ರೂಪಾಯಿಗೆ ಮಾರಾಟಕ್ಕಿರುವ ಎರಡು ಹಳೆಯ ಕಾರುಗಳನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಮೊದಲನೆಯದು ಐದಾರು ವರ್ಷ ಓಡಿರುವ, ಟರ್ಬೊ ಇಲ್ಲದ ಸಾಧಾರಣ 1.2 ಲೀಟರ್ ಪೆಟ್ರೋಲ್ ಇಂಜಿನ್ ಹಾಗೂ ಕೈಗೇರು ಉಳ್ಳ ಸಣ್ಣ ಕಾರು. ಎರಡನೆಯದು ಅದಕ್ಕಿಂತ ಮೂರು ವರ್ಷ ಹಳೆಯದಾದ, ಟರ್ಬೊ ಇಂಜಿನ್ ಮತ್ತು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವ, ಹೊಸದಿದ್ದಾಗ ಬಹು ದುಬಾರಿಯಾಗಿದ್ದ ಕಾರು. ನಾಲ್ಕು ವರ್ಷಗಳಲ್ಲಿ ವರ್ಷಕ್ಕೆ 12,000 ಕಿ.ಮೀ.ಯಂತೆ ಒಟ್ಟು 48,000 ಕಿ.ಮೀ. ಓಡಾಟ, ಪೆಟ್ರೋಲ್ ಲೀಟರಿಗೆ 100 ರೂ. ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಚಿತ್ರ ಹೀಗಿರುತ್ತದೆ.

ಮೊದಲನೆಯ ಕಾರು ಲೀಟರಿಗೆ 16 ಕಿ.ಮೀ. ಕೊಟ್ಟರೆ ಇಂಧನಕ್ಕೆ 3,00,000 ರೂ. ತಗಲುತ್ತದೆ. ವಿಮೆ 60,000, ಸರ್ವಿಸ್ 48,000, ಟಯರು 20,000, ಅನಿರೀಕ್ಷಿತ ದುರಸ್ತಿಗೆ ಮೀಸಲು 25,000 ರೂ. ನಾಲ್ಕು ವರ್ಷಗಳ ನಂತರ ಅದು 3,00,000 ರೂ.ಗೆ ಮಾರಾಟವಾದರೆ ಸವಕಳಿ 2,00,000 ರೂ. ಒಟ್ಟು ವೆಚ್ಚ 6,53,000 ರೂ.; ಎಂದರೆ ಕಿ.ಮೀ. ಒಂದಕ್ಕೆ ಸುಮಾರು 13 ರೂ. 60 ಪೈಸೆ.

ಎರಡನೆಯದು ಯುವಕನ ಕೈಯಲ್ಲಿ ಲೀಟರಿಗೆ 12 ಕಿ.ಮೀ. ಕೊಟ್ಟರೆ ಇಂಧನಕ್ಕೆ 4,00,000 ರೂ. ವಿಮೆ 72,000, ಸರ್ವಿಸ್ 1,00,000, ಟಯರು 28,000, ದುರಸ್ತಿಯ ಮೀಸಲು 1,00,000 ರೂ. ಮರುಮಾರಾಟದಲ್ಲಿ 2,00,000 ರೂ. ಮಾತ್ರ ಬಂದರೆ ಸವಕಳಿ 3,00,000 ರೂ. ಒಟ್ಟು 10,00,000 ರೂ.; ಕಿ.ಮೀ.ಗೆ 20 ರೂ. 83 ಪೈಸೆ.

ಒಂದೇ ಬೆಲೆಗೆ ಕೊಂಡ ಎರಡು ಕಾರುಗಳ ನಡುವಣ ಅಂತರ 3,47,000 ರೂ.; ತಿಂಗಳಿಗೆ ಸುಮಾರು 7,200 ರೂ. ಇಲ್ಲಿನ ಅಂಕಿಗಳು ಊಹೆಯವು. ಪ್ರತಿಯೊಬ್ಬರೂ ತಮ್ಮ ಊರಿನ ದರಗಳನ್ನು ಮೆಕ್ಯಾನಿಕ್‌ನಿಂದ ಕೇಳಿ ತಿಳಿದು ಇವುಗಳ ಜಾಗದಲ್ಲಿ ತುಂಬಿಕೊಳ್ಳಬೇಕು. ಆದರೆ ಲೆಕ್ಕದ ಕ್ರಮ ಬದಲಾಗುವುದಿಲ್ಲ. ಕೊಳ್ಳುವ ಬೆಲೆಯು ಕಾರಿನ ವೆಚ್ಚದ ಒಂದು ಬಾಬ್ತು ಮಾತ್ರ.

ಚುರುಕುತನ ಎಲ್ಲಿರುತ್ತದೆ?

ಚುರುಕು ಎಂದರೆ ಅಧಿಕ ಅಶ್ವಶಕ್ತಿ ಎಂಬ ಭಾವನೆ ಯುವಕರಲ್ಲಿ ಬಲವಾಗಿದೆ. ವಾಸ್ತವವಾಗಿ ನಗರದ ರಸ್ತೆಯಲ್ಲಿ ಕಾರಿನ ಚುರುಕುತನವು ಶಕ್ತಿಯಷ್ಟೇ ಅದರ ತೂಕವನ್ನೂ, ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್‌ಗಳ ಹೊಂದಾಣಿಕೆಯನ್ನೂ ಅವಲಂಬಿಸಿದೆ. ಮಾರುತಿ ಸ್ವಿಫ್ಟ್ ಇದಕ್ಕೆ ಉತ್ತಮ ನಿದರ್ಶನ. 2005ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಕಾರಿನ 2018ರ ಮೂರನೆಯ ಪೀಳಿಗೆಯ ಪೆಟ್ರೋಲ್ ಮಾದರಿಯ ತೂಕ 900 ಕಿಲೋಗಿಂತ ಕಡಿಮೆ. ಆದ್ದರಿಂದ ಸುಮಾರು 83 ಅಶ್ವಶಕ್ತಿಯ 1,197 ಸಿಸಿ ಇಂಜಿನ್ನೇ ಅದಕ್ಕೆ ಸಾಕಾಯಿತು. 2021ರಲ್ಲಿ ಇದರ ಬದಲಿಗೆ 90 ಅಶ್ವಶಕ್ತಿಯ ಡ್ಯುಯಲ್‌ಜೆಟ್ ಇಂಜಿನ್ ಬಂದಿತು.

ನಿಜಾರ್ಥದಲ್ಲಿ ವೇಗದ ಸಣ್ಣ ಕಾರುಗಳೂ ನಮ್ಮ ದೇಶದಲ್ಲಿ ಬಂದು ಹೋಗಿವೆ. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 105 ಅಶ್ವಶಕ್ತಿಯದು. 2017ರಲ್ಲಿ ಬಲೆನೊ ಆರ್‌ಎಸ್, 2018ರಲ್ಲಿ ಟಿಯಾಗೊ ಜೆಟಿಪಿ ಬಂದವು. ಇವೆರಡೂ 2020ರ ಹೊತ್ತಿಗೆ ನಿಂತುಹೋದವು. ಪೋಲೊ ಭಾರತದಲ್ಲಿ 2022ರಲ್ಲಿ ನಿಂತಿತು. ಫೋರ್ಡ್ ಸಂಸ್ಥೆಯು ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ನಿಂತುಹೋದ ಮಾದರಿಗಳೆಲ್ಲ ತ್ಯಾಜ್ಯವೆಂದಲ್ಲ. ಆದರೆ ಆ ಮಾದರಿಗೇ ಮೀಸಲಾದ ಬಿಡಿಭಾಗಗಳು ಎಲ್ಲಿ, ಎಷ್ಟು ದಿನಕ್ಕೆ, ಯಾವ ದರಕ್ಕೆ ಸಿಗುತ್ತವೆಂದು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು. ಬೆಂಗಳೂರಿನಲ್ಲಿ ಎರಡು ದಿನಕ್ಕೆ ಸಿಗುವ ಭಾಗಕ್ಕಾಗಿ ಬಳ್ಳಾರಿಯಲ್ಲಿಯೋ ಶಿವಮೊಗ್ಗದಲ್ಲಿಯೋ ವಾರಗಟ್ಟಲೆ ಕಾಯಬೇಕಾಗಬಹುದು.

ಸುರಕ್ಷತೆಯ ಅಂಕಣ

ಯುವ ಚಾಲಕನ ಕಾರಿನಲ್ಲಿ ಉಳಿತಾಯ ಮಾಡಬಾರದ ಬಾಬ್ತು ಇದೊಂದೇ. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಬ್ರೇಕು 2019ರ ಏಪ್ರಿಲ್‌ನಿಂದಲೂ, ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದಲೂ ಕಡ್ಡಾಯವಾದವು. ಅದಕ್ಕಿಂತ ಹಿಂದಿನ ಕಾರಾದರೆ ಈ ಸೌಲಭ್ಯಗಳು ಆ ನಿರ್ದಿಷ್ಟ ದರ್ಜೆಯಲ್ಲಿವೆಯೇ ಎಂದು ನೋಡಿಯೇ ಮುಂದುವರಿಯಬೇಕು. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎರಡು ಏರ್‌ಬ್ಯಾಗ್‌ಗಳ ಪೋಲೊ 2014ರಲ್ಲಿ ನಾಲ್ಕು ತಾರೆಗಳನ್ನು ಪಡೆದಿತ್ತು. ಮೇಲೆ ಹೇಳಿದ ಸ್ವಿಫ್ಟ್‌ಗೆ 2018ರಲ್ಲಿ ದೊರೆತದ್ದು ಎರಡೇ ತಾರೆ. 2020ರಲ್ಲಿ ಟಾಟಾ ಟಿಯಾಗೊ ನಾಲ್ಕು, ಆಲ್ಟ್ರೋಜ್ ಐದು ತಾರೆಗಳನ್ನು ಗಳಿಸಿದವು. ಹಗುರ ದೇಹದ ಉಳಿತಾಯ, ಗಟ್ಟಿ ದೇಹದ ರಕ್ಷಣೆ ಇವೆರಡನ್ನೂ ಎದುರುಬದುರು ಇಟ್ಟು ತೂಗಿ ನೋಡುವುದು ತಂದೆಯ ಹೊಣೆ. ಹೆದ್ದಾರಿಯ ಓಡಾಟ ಹೆಚ್ಚಿರುವ ಮನೆಯಲ್ಲಿ ಒಂದೆರಡು ಕಿ.ಮೀ. ಮೈಲೇಜು ಬಿಟ್ಟುಕೊಟ್ಟು ಗಟ್ಟಿ ಕಾರನ್ನು ಆರಿಸುವುದೇ ವಿವೇಕ.

ವಿಮೆ, ತೆರಿಗೆ ಮತ್ತು ಪೆಟ್ರೋಲ್

ಬ್ರಿಟನ್ನಿನಂತಹ ದೇಶಗಳಲ್ಲಿ ಯುವ ಚಾಲಕರ ವಿಮೆಯ ಕಂತು ವಯಸ್ಸಿನ ಕಾರಣದಿಂದಲೇ ಬಹಳ ಏರುತ್ತದೆ. ಭಾರತದಲ್ಲಿ ತೃತೀಯ ಪಕ್ಷ ವಿಮೆಯ ದರವು ಇಂಜಿನ್ನಿನ ಗಾತ್ರವನ್ನು ಅನುಸರಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಗಳಂತೆ 1000 ಸಿಸಿ ಮೀರದ ಖಾಸಗಿ ಕಾರಿಗೆ 2,094 ರೂ., 1000ದಿಂದ 1500 ಸಿಸಿವರೆಗೆ 3,416 ರೂ., ಅದಕ್ಕೂ ಮೇಲೆ 7,897 ರೂ. ಹೀಗಾಗಿ 998 ಸಿಸಿಯ ಟರ್ಬೊ ಕಾರು 120 ಅಶ್ವಶಕ್ತಿ ಹೊಂದಿದ್ದರೂ ಕೆಳಗಿನ ದರಕ್ಕೇ ಸೇರುತ್ತದೆ. ವಿಮೆ ಅಗ್ಗವೆಂಬ ಮಾತ್ರಕ್ಕೆ ಅಪಾಯವೂ ಕಡಿಮೆ ಎಂದು ಭಾವಿಸಬಾರದು. ಮಾರುವವನ ‘ನೋ ಕ್ಲೇಮ್ ಬೋನಸ್’ ಅವನಿಗೆ ಸೇರಿದ್ದೇ ಹೊರತು ಕಾರಿಗಲ್ಲ. ಕೊಳ್ಳುವವನು ಆ ರಿಯಾಯಿತಿಯನ್ನು ತನ್ನ ಲೆಕ್ಕದಲ್ಲಿ ಸೇರಿಸಿಕೊಳ್ಳಬಾರದು.

ಬೆಲೆಯ ಚೌಕಾಸಿಗೆ ಒಂದು ಮುಖ್ಯ ಆಧಾರವಿದೆ. 2025ರ ಸೆಪ್ಟೆಂಬರ್ 22ರಿಂದ 1200 ಸಿಸಿ ಹಾಗೂ 4 ಮೀಟರ್ ಉದ್ದ ಮೀರದ ಹೊಸ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಶೇ. 1ರ ಸೆಸ್ ಕೂಡ ಹೋಯಿತು. ಮೊದಲು 129 ರೂ. ಇದ್ದದ್ದು 118 ರೂ. ಆಯಿತೆಂದರೆ ಸುಮಾರು ಶೇ. 8.5ರಷ್ಟು ಇಳಿಕೆ. ತಾನು ಅಂದು ಕೊಟ್ಟ ಬಿಲ್ಲನ್ನು ತೋರಿಸಿ ಹಳೆಯ ಕಾರಿನ ಬೆಲೆ ಹೇಳುವ ಮಾರಾಟಗಾರನಿಗೆ ಅದೇ ವರ್ಗದ ಹೊಸ ಕಾರಿನ ಇಂದಿನ ಬೆಲೆಯನ್ನು ತೋರಿಸುವುದು ನ್ಯಾಯವೇ ಆಗಿದೆ.

ಇಂಧನದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಹೊಂದುವಂತೆ ಕಾರುಗಳು ಬರತೊಡಗಿದ್ದು ಮುಖ್ಯವಾಗಿ 2023ರ ಏಪ್ರಿಲ್‌ನಿಂದ. ಹಿಂದಿನ ವಿನ್ಯಾಸದ ಕಾರುಗಳಲ್ಲಿ ಈ ಇಂಧನದಿಂದ ಮೈಲೇಜು ಶೇ. 6ರಿಂದ 7ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆದ್ದರಿಂದ ಕಂಪನಿಯ ಘೋಷಿತ ಮೈಲೇಜನ್ನು ನೆಚ್ಚದೆ ಅದೇ ಮಾದರಿಯ ಕಾರನ್ನು ಓಡಿಸುತ್ತಿರುವ ಇಬ್ಬರು ಮೂವರನ್ನು ಕೇಳಿ ಲೆಕ್ಕ ಹಾಕಬೇಕು.

ಕಾರಿನ ತಪಾಸಣೆ

ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ ಚಾಲನೆ ಮಾಡಿಸಿ ನೋಡಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇರುವ ಕಾರನ್ನು ದಟ್ಟಣೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಿ, ಹೊರಡುವಾಗ ನಡುಗುತ್ತದೆಯೇ ಎಂದು ಗಮನಿಸಬೇಕು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಓಡೋಮೀಟರ್ ತೋರಿಸುವ ಕಿ.ಮೀ.ಯನ್ನು ಸರ್ವಿಸ್ ಬಿಲ್ಲುಗಳೊಂದಿಗೆ ತಾಳೆ ನೋಡಬೇಕು. ಬಿಲ್ಲುಗಳಿಲ್ಲದ ಕಾರು ಲೆಕ್ಕಪುಸ್ತಕವಿಲ್ಲದ ಅಂಗಡಿಯಂತೆ.

ವೇಗದ ಕಾರುಗಳಲ್ಲಿ ಇನ್ನೊಂದು ಗುಪ್ತ ದೋಷವಿರುತ್ತದೆ. ಹಿಂದಿನ ಒಡೆಯನು ಇಂಜಿನ್ ಕಂಪ್ಯೂಟರಿನ ತಂತ್ರಾಂಶ ತಿದ್ದಿಸಿ ಶಕ್ತಿ ಹೆಚ್ಚಿಸಿಕೊಂಡಿರಬಹುದು, ಸೈಲೆನ್ಸರ್ ಬದಲಿಸಿರಬಹುದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅಂತಹ ಕಾರು ಅಪಘಾತಕ್ಕೀಡಾದರೆ ವಿಮಾ ಕಂಪನಿಯೊಂದಿಗೆ ವ್ಯಾಜ್ಯ ತಪ್ಪಿದ್ದಲ್ಲ.

ಕಾಗದಪತ್ರ ಮತ್ತು ಹೊಣೆ

ಹಣ ಕೊಟ್ಟು ಕೀಲಿ ಪಡೆದರೆ ವ್ಯವಹಾರ ಮುಗಿಯಿತೆಂಬ ಭಾವನೆ ಅಪಾಯಕಾರಿಯಾದುದು. ಹಲವು ಕೈ ಬದಲಾಗಿದ್ದ ಕಾರೊಂದರ ಅಪಘಾತದ ಪ್ರಕರಣದಲ್ಲಿ, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ತಮ್ಮ ಹಳೆಯ ಕಾರನ್ನು ಮಾರಿ ಮಗನಿಗೆ ಬೇರೆ ಕೊಳ್ಳುವ ವರ್ತಕರಿಗೆ ಈ ತೀರ್ಪು ಎರಡು ಕಡೆಯಿಂದಲೂ ಅನ್ವಯಿಸುತ್ತದೆ. ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ನಮೂನೆ 29 ಮತ್ತು 30 ಇದಕ್ಕಾಗಿಯೇ ಇವೆ. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಋಣಮುಕ್ತಿ ಪತ್ರ ಮತ್ತು ನಮೂನೆ 35 ಅಗತ್ಯ. ಬಾಕಿ ದಂಡಗಳನ್ನೂ ಪರಿಶೀಲಿಸಬೇಕು. ಹೊರರಾಜ್ಯದ ಕಾರು ಅಗ್ಗವೆನಿಸಿದರೂ ನಿರಾಕ್ಷೇಪಣಾ ಪತ್ರ, ಇಲ್ಲಿನ ಜೀವಾವಧಿ ತೆರಿಗೆ, ಮರುನೋಂದಣಿ ಇವುಗಳ ಖರ್ಚು ಸೇರಿದ ಮೇಲೆಯೇ ಅದರ ನಿಜ ಬೆಲೆ ತಿಳಿಯುವುದು. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿರುವುದರಿಂದ ಹಣವನ್ನು ಬ್ಯಾಂಕ್ ಮೂಲಕವೇ ಪಾವತಿ ಮಾಡುವುದು ಕ್ಷೇಮ.

ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ಸವಕಳಿಯ ಲಾಭವಿದೆ ಎಂಬ ಆಕರ್ಷಣೆಯೂ ಉಂಟು. ಆದರೆ ಸ್ವಂತ ಬಳಕೆಯ ಅಂಶಕ್ಕೆ ಆ ಲಾಭ ದೊರೆಯದು. ಅಲ್ಲದೆ ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿ ಒಡೆತನದ ಕಾರಿಗೆ ‘ಮಾಲೀಕ-ಚಾಲಕ’ ವೈಯಕ್ತಿಕ ಅಪಘಾತ ವಿಮೆ ಇಲ್ಲ. ಓಡಿಸುವ ಮಗನಿಗೆ ಬೇರೆ ರಕ್ಷಣೆ ಮಾಡಿಸಬೇಕಾಗುತ್ತದೆ. ಸವಕಳಿ ಪಡೆದ ಕಾರನ್ನು ನೋಂದಾಯಿತ ಸಂಸ್ಥೆಯು ಮಾರಿದಾಗ ಪುಸ್ತಕ ಮೌಲ್ಯಕ್ಕಿಂತ ಹೆಚ್ಚು ಬಂದ ಮೊತ್ತದ ಮೇಲೆ ಜಿಎಸ್‌ಟಿ ಬರುತ್ತದೆ. 2025ರ ಜನವರಿ 16ರಿಂದ ಇದರ ದರ ಎಲ್ಲ ಹಳೆಯ ಕಾರುಗಳಿಗೂ ಶೇ. 18. ತೆರಿಗೆ ನಿಯಮಾನುಸಾರ ಸವಕಳಿ ಕಳೆದ ಮೌಲ್ಯ 3,00,000 ರೂ. ಇರುವ ಕಾರು 3,60,000 ರೂ.ಗೆ ಹೋದರೆ 60,000 ರೂ. ಮೇಲೆ 10,800 ರೂ. ತೆರಿಗೆ.

ಇನ್ನು, ಹದಿನೆಂಟು ತುಂಬದ ಮಗನಿಗೆ ಕೀಲಿ ಕೊಡುವ ತಂದೆಯಂದಿರು 2019ರ ತಿದ್ದುಪಡಿಯನ್ನು ನೆನಪಿಡಬೇಕು. ಬಾಲಚಾಲಕನ ಅಪರಾಧಕ್ಕೆ ಪೋಷಕ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂ. ದಂಡವಿದೆ, ವಾಹನದ ನೋಂದಣಿಯೂ ಹನ್ನೆರಡು ತಿಂಗಳು ರದ್ದಾಗುತ್ತದೆ.

ಮಗನಿಗೇ ಲೆಕ್ಕ ಹಾಕಲು ಬಿಡುವುದು

ಕೈಯಲ್ಲಿರುವ ಹಣವೆಲ್ಲವನ್ನೂ ಕಾರಿನ ಬೆಲೆಗೆ ಸುರಿಯದೆ, ಐದು ಲಕ್ಷ ಇದ್ದರೆ ನಾಲ್ಕೂಕಾಲು ಲಕ್ಷದ ಕಾರು ಕೊಂಡು ಉಳಿದದ್ದನ್ನು ಟಯರು, ವಿಮೆ, ವರ್ಗಾವಣೆ ಮತ್ತು ಮೊದಲ ದುರಸ್ತಿಗೆ ಕಾದಿರಿಸುವುದು ಉತ್ತಮ ಪದ್ಧತಿ. ಅದಕ್ಕೂ ಉತ್ತಮವಾದದ್ದು, ಈ ಲೆಕ್ಕವನ್ನು ತಂದೆಯೇ ಹಾಕಿ ಒಪ್ಪಿಸುವುದಕ್ಕಿಂತ ಮಗನಿಂದಲೋ ಮಗಳಿಂದಲೋ ಹಾಕಿಸುವುದು. ಬೇಕಾದ ಕಾರು, ಕೈಗೆಟಕುವ ಕಾರು ಎರಡರ ಕಿ.ಮೀ. ವೆಚ್ಚವನ್ನು ಒಂದು ಹಾಳೆಯಲ್ಲಿ ಎದುರುಬದುರು ಬರೆದ ಯುವಕನಿಗೆ ಬೇರೆ ಉಪದೇಶ ಅಷ್ಟಾಗಿ ಬೇಕಾಗುವುದಿಲ್ಲ. ನಾಳೆ ಅಂಗಡಿಗೆ ಸರಕು, ಕಾರ್ಖಾನೆಗೆ ಯಂತ್ರ ಕೊಳ್ಳುವಾಗಲೂ ಅವನ ಮುಂದೆ ಇರಬೇಕಾದದ್ದು ಅದೇ ಹಾಳೆ.