ಸಿನಿಮಾ ಮುಗಿದ ಮೇಲೆ ಹುಟ್ಟಿದ ಪ್ರಶ್ನೆ

ಟಿ.ವಿ.ಯಲ್ಲಿ ಹಳೆಯ ಕಪ್ಪು-ಬಿಳುಪು ಸಿನಿಮಾ ‘ಕಿತ್ತೂರು ಚೆನ್ನಮ್ಮ’ ಬರುತ್ತಿತ್ತು. ನಾಲ್ಕನೇ ತರಗತಿಯ ಮೊಮ್ಮಗಳು ನನ್ನ ಪಕ್ಕದಲ್ಲೇ ಕೂತು ನೋಡಿದಳು. ಮುಗಿದ ಕೂಡಲೇ ಕೇಳಿದಳು: “ತಾತಾ, ಎಲ್ಲಾ ನಿಜವಾಗ್ಲೂ ಹೀಗೇ ನಡೀತಾ?”

“ಹೂಂ ಪುಟ್ಟಿ” ಎಂದುಬಿಟ್ಟೆ. ಆಮೇಲೆ ಅಷ್ಟು ಸುಲಭವಾಗಿ ಹೇಳಬಾರದಿತ್ತು ಅನ್ನಿಸಿತು.

ಬಿ.ಆರ್. ಪಂತುಲು ನಿರ್ದೇಶನದ ಈ ಚಿತ್ರ 1961ರದ್ದು. ಬಿ. ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಮಲ್ಲಸರ್ಜ ದೊರೆ. ನಮ್ಮ ವಯಸ್ಸಿನವರಿಗೆ ಚೆನ್ನಮ್ಮ ಎಂದರೆ ಇಂದಿಗೂ ಸರೋಜಾದೇವಿಯವರ ಮುಖವೇ ಕಣ್ಣಮುಂದೆ ಬರುತ್ತದೆ. ಸಿನಿಮಾಕ್ಕೆ ಅಂಥ ಶಕ್ತಿ ಇದೆ. ಆದ್ದರಿಂದಲೇ ಸ್ವಲ್ಪ ಎಚ್ಚರವೂ ಬೇಕು.

ಮಕ್ಕಳೇ, ನಡೆದದ್ದು ಇಷ್ಟು. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡರು. ದತ್ತು ಮಗನನ್ನು ಒಪ್ಪುವುದಿಲ್ಲ ಎಂದಿತು ಈಸ್ಟ್ ಇಂಡಿಯಾ ಕಂಪನಿ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಯುದ್ಧವಾಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಸೆರೆಯಾದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದರು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇವಕ್ಕೆ ದಾಖಲೆಗಳಿವೆ. ಆದರೆ ತೆರೆಯ ಮೇಲೆ ನಾವು ಚಪ್ಪಾಳೆ ತಟ್ಟುವ ಮಾತುಗಳು? ಅವನ್ನು ಬರೆದವರು ಸಂಭಾಷಣೆಕಾರರು. ಆ ದಿನ ಯಾರ ಬಾಯಿಂದ ಯಾವ ಮಾತು ಬಂತೆಂದು ಪಕ್ಕದಲ್ಲಿ ಕೂತು ಬರೆದುಕೊಂಡವರಿಲ್ಲ. ಅದು ಸುಳ್ಳು ಹೇಳುವುದಲ್ಲ, ಕಥೆ ಕಟ್ಟುವ ರೀತಿ. ಎರಡರ ನಡುವಿನ ವ್ಯತ್ಯಾಸ ನಮಗೆ ತಿಳಿದಿರಬೇಕು, ಅಷ್ಟೆ.

ಇನ್ನೊಂದು ಪ್ರಶ್ನೆ: ಶತ್ರು ಯಾರು? ಕಂಪನಿಯ ಪಡೆಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ನಮ್ಮ ದೇಶದ ಸಿಪಾಯಿಗಳೂ ಅನೇಕರಿದ್ದರು. ಅವರ ಮನೆಗಳಲ್ಲೂ ಯಾರೋ ದಾರಿ ಕಾಯುತ್ತಿದ್ದರು.

ಮೊದಲ ಯುದ್ಧದಲ್ಲಿ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಕಿತ್ತೂರಿನವರಿಗೆ ಸೆರೆಸಿಕ್ಕರು. ರಾಣಿ ಅವರನ್ನು ಕೊಲ್ಲಿಸಲಿಲ್ಲ. ಮಾತುಕತೆಯ ನಂತರ ಬಿಟ್ಟುಕೊಟ್ಟರು. ಆದರೂ ಕಂಪನಿ ದಾಳಿ ಮಾಡಿತು.

“ಹಾಗಾದ್ರೆ ಬಿಟ್ಟಿದ್ದು ತಪ್ಪಲ್ವಾ ತಾತಾ?” ಮೊಮ್ಮಗಳಿಗೆ ಸಿಟ್ಟೇ ಬಂದಿತ್ತು.

ಅವಳಿಗೆ ವಾಲ್ಟರ್ ಎಲಿಯಟ್‌ನ ಮುಂದಿನ ಕಥೆ ಹೇಳಿದೆ. ಸೆರೆಯಾದಾಗ ಅವನಿಗೆ 21 ವರ್ಷ. ಮುಂದೆ ಅದೇ ಎಲಿಯಟ್ ನಮ್ಮ ಸೀಮೆಯ ನೂರಾರು ಶಿಲಾಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಇತಿಹಾಸ ಬರೆದವರಿಗೆ ಅವು ದಾರಿ ತೋರಿದವು.

“ಅಂದ್ರೆ ಅವನು ಒಳ್ಳೆಯವನಾ, ಕೆಟ್ಟವನಾ?”

ಒಂದೇ ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ಅವನು ಕಂಪನಿಯ ನೌಕರನೂ ಹೌದು, ನಮ್ಮ ಕಲ್ಲುಗಳನ್ನು ಓದಲು ಹಂಬಲಿಸಿದವನೂ ಹೌದು. ಎರಡೂವರೆ ಗಂಟೆಯ ಸಿನಿಮಾದಲ್ಲಿ ಇಂಥವರಿಗೆ ಜಾಗ ಸಿಗುವುದು ಕಷ್ಟ.

ಅಜ್ಜ-ಅಜ್ಜಿಯರೇ, ಯುದ್ಧದ ಸಿನಿಮಾ ನೋಡಬೇಡಿ ಎಂದು ಮಕ್ಕಳನ್ನು ತಡೆಯಬೇಕಿಲ್ಲ. ಜೊತೆಗೆ ಕೂತು ನೋಡಿ. ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ: ಇದರಲ್ಲಿ ನಡೆದದ್ದು ಯಾವುದು, ಕಟ್ಟಿದ್ದು ಯಾವುದು? ಎದುರು ಪಕ್ಷದವರು ಇದೇ ಕಥೆಯನ್ನು ಹೇಗೆ ಹೇಳುತ್ತಿದ್ದರು? ತೆರೆಯ ಮೇಲೆ ಯಾರು ಕಾಣಿಸಲೇ ಇಲ್ಲ?

ರಾತ್ರಿ ಮಲಗುವ ಮುಂಚೆ ಮೊಮ್ಮಗಳು ಮತ್ತೆ ಬಂದಳು. “ತಾತಾ, ಯೋಚನೆ ಮಾಡಿದೆ. ರಾಣಿ ಬಿಟ್ಟಿದ್ದು ತಪ್ಪಲ್ಲ. ಮಾತು ತಪ್ಪಿದ್ದು ಅವ್ರಲ್ಲವಲ್ಲ!”

ಈ ಸಲ ನಾನು ಯೋಚಿಸಿಯೇ “ಹೂಂ ಪುಟ್ಟಿ” ಎಂದೆ.