ಕೆನಡಾಕ್ಕೆ ಹೋಗಬೇಕೆನ್ನುವವರಿಗೆ

"ಏಜೆಂಟ್ ಕೆನಡಾದಾಗಿನ ಕೆಲಸದ ಪತ್ರ ಕೊಡಸ್ತಾನಂತ್ರಿ, ಹೊಲ ಒತ್ತಿ ಹಾಕ್ಲೇನ್ರಿ?" ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಫಿಟ್ಟರ್, ವೆಲ್ಡರ್, ನರ್ಸುಗಳ ಮನೆಯವರು ಹೀಗೆ ಕೇಳುತ್ತಾರೆ. ಬ್ಯಾಡ್ರಿ.

ಕೆನಡಾದ 'ಎಕ್ಸ್‌ಪ್ರೆಸ್ ಎಂಟ್ರಿ'ಯಲ್ಲಿ ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಹಾಕಿ, ಹೆಚ್ಚು ಅಂಕ ಪಡೆದವರನ್ನು ಕರೆಯುತ್ತಾರೆ. ಕೆಲಸದ ಪತ್ರಕ್ಕೆ ಮೊದಲು 50 ಇಲ್ಲವೇ 200 ಅಂಕ ಇತ್ತು. 2025ರ ಮಾರ್ಚ್ 25ರಂದು ಅದನ್ನು ತೆಗೆದುಹಾಕಿದರು.

ಅಂಕ ಏರುವುದು ಇಂಗ್ಲಿಷಿನಿಂದ. ಮದುವೆಯಾಗದವರು ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 6 ಬ್ಯಾಂಡ್ ತೆಗೆದರೆ ಭಾಷೆಗೆ 68 ಅಂಕ. ಕೇಳುವುದರಲ್ಲಿ 8, ಓದು, ಬರಹ, ಮಾತಿನಲ್ಲಿ 7 ತೆಗೆದರೆ 124. ಹೊಲ ಕಳಕೊಳ್ಳದೇ 56 ಅಂಕ ಹೆಚ್ಚಾಯಿತು, ನೋಡ್ರಿ! ಅದಕ್ಕೇ ದಿನಾ ಒಂದು ತಾಸು ಇಂಗ್ಲಿಷ್ ವಾರ್ತೆ ಕೇಳಿ, ಒಂದು ಪುಟ ಬರೆಯಿರಿ.

ವಯಸ್ಸಿಗೆ ಪೂರ್ತಿ ಅಂಕ 20ರಿಂದ 29ರವರೆಗೆ ಮಾತ್ರ. ಆಮೇಲೆ ಇಳಿಯುತ್ತಾ 45ಕ್ಕೆ ಸೊನ್ನೆ. ತಡ ಮಾಡಬೇಡಿ.

ಏನು ಕೆಲಸ, ವಾರಕ್ಕೆ ಎಷ್ಟು ತಾಸು, ಪಗಾರ ಎಷ್ಟು ಎಂದು ಬರೆದ ಅನುಭವ ಪತ್ರವನ್ನು ಈಗಿನ ಗಿರಣಿ, ಕಾರ್ಖಾನೆ, ಆಸ್ಪತ್ರೆಯಿಂದಲೇ ತಗೊಂಡಿಡಿ.

ಏಜೆಂಟರ ಹತ್ತಿರ ಹೋಗಲೇಬೇಕಾದರೆ ಅವರ ನೋಂದಣಿಯನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ತಗೊಳ್ಳುವಂತಿಲ್ಲ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ.